ಸೀಟಿ ತಾತ

ಎಲ್ಲರಿಗೂ ಹಾಸನದಿಂದ ನಮಸ್ಕಾರ. ಮೆಲ್ಬರ್ನ್ ಶಾಲೆಗಳ ಬೇಸಿಗೆ ರಜೆಗೆಂದು ಮಗಳ ಜೊತೆ ತವರಿಗೆ ಬಂದಿದ್ದೇನೆ. ನಮ್ಮಲ್ಲಿ ಆರು ತಿಂಗಳಿದ್ದ ಅಮ್ಮನೂ ಒಟ್ಟಿಗೇ ಮರಳಿದರು. ಹೋದ ವಾರ ನಾವು ಮೂವರೂ ಜಗುಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಾಗ ಮೊಬೈಲಿಗೆ ಸುದ್ದಿ ಬಂತು. ಮಗಳ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಹಿರಿಯರು ತೀರಿಕೊಂಡಿದ್ದರು. ಅಮ್ಮನ ಕೈ ನಿಂತಿತು. "ಯಾರು, ನಮ್ಮ ಸೀಟಿ ತಾತನೇ?" ಎಂದರು.

ಈಚೆಗೆ ವಿದೇಶಕ್ಕೆ ಹೋದವರಿಗಾಗಿ ಒಂದು ಮಾತು. ವಿಕ್ಟೋರಿಯಾ ರಾಜ್ಯದಲ್ಲಿ ಈ ಕೆಲಸದವರನ್ನು ನೇಮಿಸುವುದು ಸ್ಥಳೀಯ ನಗರಾಡಳಿತ, ಶಾಲೆಯಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಕೆಲಸ. ಶಾಲೆಯ ವೇಳೆಯಲ್ಲಿ ಆ ರಸ್ತೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 40 ಕಿಲೋಮೀಟರ್ ಮಿತಿ ಇರುತ್ತದೆ. ಅವರು ಕೋಲಿಗೆ ಸಿಕ್ಕಿಸಿದ 'ಸ್ಟಾಪ್' ಫಲಕ ಹಿಡಿದು ರಸ್ತೆಗಿಳಿದರೆ ಎಷ್ಟು ದೊಡ್ಡ ಲಾರಿಯಾದರೂ ನಿಲ್ಲಲೇಬೇಕು. ಬ್ರಿಟನ್ನಿನಲ್ಲಂತೂ ಇದಕ್ಕಾಗಿ 1953ರಲ್ಲೇ ಒಂದು ಕಾಯ್ದೆ ಬಂದಿದೆ. ಇಲ್ಲಿ ಹಾಸನದಲ್ಲಿ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆ ದಾಟುವಾಗ ಅಮ್ಮ ಅಂಗೈ ತೋರಿಸಿಕೊಂಡು ನುಗ್ಗುವುದನ್ನು ಕಂಡು ನನ್ನ ಮಗಳು, "ಅಜ್ಜಿಗೆ ಬೋರ್ಡೇ ಬೇಡ" ಎಂದು ಬೆರಗಾಗಿದ್ದಳು.

ನಮ್ಮ ತಾತ ಎರಡು ಸಲ ಸೀಟಿ ಊದುವವರೆಗೆ ಒಂದು ಮಗುವೂ ಕಾಲು ಎತ್ತುವಂತಿರಲಿಲ್ಲ. ಯಾರ ಶೂ ಲೇಸು ಬಿಚ್ಚಿದೆ, ಯಾರ ಹಲ್ಲು ಬಿದ್ದಿದೆ, ಎಲ್ಲವೂ ಅವರಿಗೆ ಗೊತ್ತು. ಆ ಊರಿನಲ್ಲಿ ನನ್ನ ಮಗಳ ಹೆಸರಿನ 'ಳ'ವನ್ನು ಸರಿಯಾಗಿ ಉಚ್ಚರಿಸಲು ಪಟ್ಟು ಹಿಡಿದು ಕಲಿತವರು ಅವರೊಬ್ಬರೇ. ನಾಲ್ಕು ವರ್ಷ ದಿನಕ್ಕೆ ಎರಡು ಸಲ ನೋಡಿದವರ ಹೆಸರು ನನಗೆ ಅರ್ಧ ಮಾತ್ರ ಗೊತ್ತಿತ್ತು. ಪೂರ್ತಿ ಹೆಸರು ಗೊತ್ತಾದದ್ದು ಸಾವಿನ ಸುದ್ದಿಯಲ್ಲಿ.

ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಜುಲೈ ಚಳಿಯಲ್ಲಿ ಮೊಮ್ಮಗಳನ್ನು ಬಿಡಲು ಹೋಗುವಾಗ ಅಮ್ಮ ಚಿಕ್ಕ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯತೊಡಗಿದರು. ಸಂಜೆ ಫ್ಲಾಸ್ಕು ತೊಳೆದು ವಾಪಸು ಬರುತ್ತಿತ್ತು, ಜೊತೆಯಲ್ಲಿ ಅವರ ಹಿತ್ತಲಿನ ಒಂದು ನಿಂಬೆಹಣ್ಣು. "ಬರಿಪಾತ್ರೆ ಹಿಂದಿರುಗಿಸಬಾರದೆಂದು ಅವರಿಗೆ ಯಾರು ಹೇಳಿಕೊಟ್ಟರೋ" ಎಂದು ಅಮ್ಮ ಮೆಚ್ಚಿಕೊಂಡಿದ್ದರು. ಡಿಸೆಂಬರಿನ ಕೊನೆಯ ಶಾಲಾದಿನದ ಗಡಿಬಿಡಿಯಲ್ಲಿ ಫ್ಲಾಸ್ಕು ಅಲ್ಲೇ ಉಳಿಯಿತು.

ಮಗಳಿಗೆ ಹೇಳುವಾಗ ನಾನು ಎಡವಿದೆ. "ತಾತ ದೂರದ ಊರಿಗೆ ಹೋಗಿಬಿಟ್ಟರು" ಎಂದೆ. ಮೆಲ್ಬರ್ನಿನಲ್ಲಿ ಹುಟ್ಟಿದ ಮಗುವಿಗೆ ದೂರದ ಊರೆಂದರೆ ಒಂದೇ. ಅವಳ ಮುಖ ಅರಳಿತು. "ಹಾಸನಕ್ಕಾ? ಯಾವಾಗ ಬರುತ್ತಾರೆ?" ಎಂದು ಗೇಟಿನ ಕಡೆ ನೋಡಿದಳು. ಆಗ ಅಮ್ಮನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇಲ್ಲ ಮಗಳೇ, ತಾತ ಸತ್ತುಹೋದರು. ಇನ್ನು ಬರುವುದಿಲ್ಲ" ಎಂದರು. ಮಗಳು ಅತ್ತಳು, ಆಮೇಲೆ "ಹಾಗಾದರೆ ಸೀಟಿ ಯಾರ ಹತ್ತಿರ ಇದೆ?" ಎಂದು ಕೇಳಿದಳು. ಊರಿಗೆ ಹೋದರು, ನಿದ್ದೆ ಹೋದರು ಎಂಬ ನಯದ ಮಾತುಗಳನ್ನು ದಯವಿಟ್ಟು ಮಕ್ಕಳ ಮುಂದೆ ಆಡಬೇಡಿ. ನಮ್ಮ ಮಕ್ಕಳ ಅಜ್ಜಿಯರೆಲ್ಲ ವರ್ಷಕ್ಕೊಮ್ಮೆ ಊರಿಗೆ ಹೋಗುವವರೇ ಅಲ್ಲವೇ?

ಅಲ್ಲಿಯವರ ದುಃಖದಲ್ಲಿ ನಾವು ತಲೆಹಾಕುವುದು ಸರಿಯಲ್ಲ, ಒಂದು ಕಾರ್ಡು ಕಳಿಸಿದರೆ ಸಾಕು ಎಂದು ಈ ಗುಂಪಿನಲ್ಲಿ ಹಿಂದೊಮ್ಮೆ ಒಬ್ಬರು ಬರೆದಿದ್ದರು. ನಾನೂ ಹಾಗೆಯೇ ನಂಬಿದ್ದವಳು. ಈಗ ಅದು ಸಂಕೋಚಕ್ಕೆ ನಾವು ಕೊಟ್ಟುಕೊಂಡ ಮರ್ಯಾದೆಯ ಹೆಸರು ಎನಿಸುತ್ತಿದೆ. ಮೆಲ್ಬರ್ನಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಅರಸೀಕೆರೆಯ ಗೆಳತಿ ಮೊದಲು ತಾತನ ಮಗಳಿಗೆ ಸಂದೇಶ ಕಳಿಸಿ ಕೇಳಿದಳು. "ಏನಾದರೂ ಬೇಕಿದ್ದರೆ ಹೇಳಿ" ಎಂದಲ್ಲ. ಹಾಗೆಂದರೆ ಯಾರೂ ಏನನ್ನೂ ಕೇಳುವುದಿಲ್ಲ. "ಗುರುವಾರ ಸಂಜೆ ಆರು ಜನಕ್ಕೆ ಊಟ ತಂದು ಬಾಗಿಲಲ್ಲಿ ಇಟ್ಟು ಹೋಗಲೇ? ಯಾರಿಗಾದರೂ ಗೋಡಂಬಿ, ಕಡಲೆಕಾಯಿ ಆಗುವುದಿಲ್ಲವೇ?" ಎಂದು ಕೇಳಿದಳು. ಖಾರವಿಲ್ಲದ ತರಕಾರಿ ಪಲಾವನ್ನು ಹಿಂದಿರುಗಿಸಬೇಕಾಗಿಲ್ಲದ ತಟ್ಟೆಯಲ್ಲಿ ಕೊಟ್ಟು ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚದಿದ್ದರೆ ಅಕ್ಕಪಕ್ಕದವರು ಅನ್ನ ಸಾರು ತಂದಿಡುವುದು ನಮಗೆ ಹೊಸದೇನಲ್ಲ. ಹೊರಡುವಾಗ 'ಹೋಗಿ ಬರುತ್ತೇನೆ' ಎಂಬುದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ ಎಂದಳು. ಅಲ್ಲಿ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆದರೂ.

ಹಣ ಸಂಗ್ರಹಿಸೋಣ ಎಂದು ಕೆಲವು ತಂದೆತಾಯಿಯರು ಉತ್ಸಾಹದಲ್ಲಿದ್ದಾರೆ. ಮನೆಯವರು ಒಪ್ಪದೆ ಅದಕ್ಕೆ ಕೈ ಹಾಕಬೇಡಿ. ತಾತನ ಹೆಂಡತಿ ಕೇಳಿದ್ದು ಬೇರೆಯೇ. ಬೆಳಿಗ್ಗೆ ಮನೆ ಬಿಟ್ಟ ಗಂಡ ಆ ರಸ್ತೆಯಲ್ಲಿ ಹೇಗಿರುತ್ತಿದ್ದ ಎಂಬುದನ್ನು ಅವರು ನೋಡಿದವರಲ್ಲ. ಮಕ್ಕಳು ನೆನಪಿದ್ದದ್ದನ್ನು ಬರೆದು ಕೊಡಲಿ ಎಂದರಂತೆ. ಮಗಳು ಬರೆದಳು. ಅಮ್ಮನೂ ಒಂದು ಹಾಳೆ ಕೇಳಿ ಕನ್ನಡದಲ್ಲೇ ನಾಲ್ಕು ಸಾಲು ಬರೆದರು. ಅನುವಾದಿಸಿ ಕೆಳಗೆ ಹಾಕುತ್ತೇನೆ ಎಂದರೆ, "ಹಾಕು, ಆದರೆ ನನ್ನ ಅಕ್ಷರವೂ ಹೋಗಲಿ" ಎಂದರು. ಫ್ಲಾಸ್ಕನ್ನು ಇಸಿದುಕೊಳ್ಳಲೇ ಎಂದು ಗೆಳತಿ ವಿಚಾರಿಸಿದ್ದಳು. ಅಮ್ಮ ಬೇಡವೆಂದರು.

ಜನವರಿ ಕೊನೆಗೆ ಶಾಲೆ ತೆರೆದಾಗ ಅದೇ ಜಾಗದಲ್ಲಿ ಬೇರೆಯವರು ನಿಂತಿರುತ್ತಾರೆ. ಆ ವಾರವಾದರೂ ನಾನೇ ಜೊತೆಗೆ ನಡೆದು ಹೋಗಬೇಕೆಂದಿದ್ದೇನೆ. ತಿಂಗಳು ಕಳೆದು ಎಲ್ಲರ ಊಟದ ಸರದಿ ಮುಗಿದ ಮೇಲೆ ಅವರ ಮನೆಗೆ ಹೋಗುವುದೆಂದು ಗೆಳತಿಯೂ ನಾನೂ ಮಾತಾಡಿಕೊಂಡಿದ್ದೇವೆ. ಬರುವವರು ಹೇಳಿ.

ಅಲ್ಲಿ ಅಂತ್ಯಕ್ರಿಯೆ ನಮ್ಮಂತೆ ಅದೇ ದಿನ ಆಗುವುದಿಲ್ಲ, ಸಾಮಾನ್ಯವಾಗಿ ಒಂದು ವಾರ ಹಿಡಿಯುತ್ತದೆ. ಇಂದು ನಡೆಯಿತು. ಅಲ್ಲಿಯ ಬೆಳಗಿನ 11 ಎಂದರೆ ಇಲ್ಲಿ 5:30, ಹೊರಗೆ ಇನ್ನೂ ಕತ್ತಲೆ. ನೇರ ಪ್ರಸಾರವನ್ನು ನಾನೂ ಅಮ್ಮನೂ ಮೊಬೈಲಿನಲ್ಲಿ ನೋಡಿದೆವು. ಪೆಟ್ಟಿಗೆಯ ಮೇಲೆ ಆ ಕೆಂಪು ಫಲಕ ಇಟ್ಟಿದ್ದರು. ಮುಗಿದ ಮೇಲೆ ಅಮ್ಮ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ನೆಂಟರಲ್ಲವಲ್ಲ ಎಂದು ನಾನು ಕೇಳಲಿಲ್ಲ. ನಾನೂ ಸ್ನಾನಕ್ಕೆ ಹೋದೆ.