ಹೆಂಗಸರಲ್ಲಿ ಸ್ಟ್ರೋಕ್ ಲಕ್ಷಣ: ನೋಟಿಸ್ ಬೋರ್ಡಿನಲ್ಲಿ ಏನು ಬರೆಯೋಣ?

ವಿಜಯನಗರ_ಮಂಡಳಿ (ಪ್ರಶ್ನೆ)

ಬೆಂಗಳೂರಿನ ವಿಜಯನಗರದ ನಮ್ಮ ಬಡಾವಣೆಯ ಮಹಿಳಾ ಮಂಡಳಿ ಕಡೆಯಿಂದ ಸ್ಟ್ರೋಕ್ ಬಗ್ಗೆ ಒಂದು ಪುಟದ ಕರಪತ್ರ ಮಾಡಿ ಸುತ್ತಮುತ್ತಲ ಅಪಾರ್ಟ್‌ಮೆಂಟ್‌ಗಳ ನೋಟಿಸ್ ಬೋರ್ಡಿಗೆ, ಅಂಗನವಾಡಿಗೆ ಹಾಕಬೇಕೆಂದಿದ್ದೇವೆ. ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಮೆಸೇಜೊಂದರ ಪ್ರಕಾರ ಬಾಯಿ ಸೊಟ್ಟಗಾಗುವುದು, ಕೈಕಾಲು ಬೀಳುವುದು ಗಂಡಸರಿಗಂತೆ. ಹೆಂಗಸರಿಗೆ ಬಿಕ್ಕಳಿಕೆ, ವಾಕರಿಕೆ, ಎದೆನೋವು, ಸುಸ್ತು ಮಾತ್ರವಂತೆ. ಇದು ನಿಜವೇ? ಸುಸ್ತು, ತಲೆಸುತ್ತು ಇಲ್ಲದ ಹೆಂಗಸು ಯಾರಿದ್ದಾರೆ? ಹಾಗೇ ಅಚ್ಚು ಹಾಕಿಸಿದರೆ ಅರ್ಧ ಜನ ಹೆದರುತ್ತಾರೆ, ಇನ್ನರ್ಧ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೆರಡು ವಿಷಯ. ಆ ಹೊತ್ತಿಗೆ ಮನೆಯಲ್ಲಿರುವವರು ಏನು ಮಾಡಬೇಕು, ಈ ಟ್ರಾಫಿಕ್‌ನಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು? ಬಾಣಂತಿಯರ ಬಗ್ಗೆ ಬೇರೆಯಾಗಿ ಏನಾದರೂ ಬರೆಯಬೇಕೇ?

---

ನರವಿಭಾಗದ_ದಾದಿ

ಮೊದಲು ಆ ಮೆಸೇಜನ್ನು ಪಕ್ಕಕ್ಕಿಡಿ. ಹೆಂಗಸರಲ್ಲೂ ಅತಿ ಹೆಚ್ಚಾಗಿ ಕಾಣುವುದು ಎಲ್ಲರಿಗೂ ಗೊತ್ತಿರುವ ಲಕ್ಷಣಗಳೇ: ಮುಖದ ಒಂದು ಪಕ್ಕ ಜೋತು ಬೀಳುವುದು, ಒಂದು ಬದಿಯ ಕೈ ಅಥವಾ ಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು. ಅವುಗಳ ಜೊತೆಗೆ ಗೊಂದಲ, ಮಂಪರು, ತಲೆನೋವು, ಮೈಯೆಲ್ಲ ನಿಶ್ಶಕ್ತಿ ಇವು ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ತೊಂದರೆಯಾಗುವುದು ಇಲ್ಲೇ. ಗೊಂದಲ, ತಲೆನೋವು ಕಂಡ ತಕ್ಷಣ ಮನೆಯವರ ಬಳಿ ಕಾರಣ ಸಿದ್ಧವಿರುತ್ತದೆ: ಉಪವಾಸ ಇದ್ದಳು, ಬಿಪಿ ಇಳಿದಿರಬೇಕು, ಪಿತ್ತ ಕೆದರಿದೆ, ಟೆನ್ಷನ್, ಮುಟ್ಟು ನಿಲ್ಲುವ ವಯಸ್ಸು. ಆಸ್ಪತ್ರೆಯಲ್ಲೂ ಕೆಲವೊಮ್ಮೆ ಇದೇ ಮಾತು ಕೇಳಬೇಕಾಗುತ್ತದೆ. ಹಾಗಾಗಿ ಹೆಂಗಸರದೇ ಬೇರೆ ಪಟ್ಟಿ ಮಾಡಬೇಡಿ. "ಇದ್ದಕ್ಕಿದ್ದಂತೆ" ಅನ್ನುವ ಪದವನ್ನು ದಪ್ಪಕ್ಷರದಲ್ಲಿ ಹಾಕಿ. ತಿಂಗಳುಗಟ್ಟಲೆ ಇರುವ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ನೋಡಿಸಬೇಕು. ಹತ್ತು ನಿಮಿಷದ ಹಿಂದೆ ಸರಿಯಾಗಿದ್ದವರು ಈಗ ಸರಿಯಿಲ್ಲ ಅಂದರೆ ಸ್ಟ್ರೋಕ್ ಅಂತಲೇ ಎಣಿಸಿ.

ಮನೆಯಲ್ಲಿ ನೋಡುವ ಬಗೆ ಹೀಗೆ. ನಗಲು, ಹಲ್ಲು ತೋರಿಸಲು ಹೇಳಿ. ಬಾಯಿ ಎಳೆಯುವುದು ಸರಿಯಿರುವ ಕಡೆಗೆ, ಬಿದ್ದಿರುವುದು ಅದರ ಎದುರು ಪಕ್ಕ. ಆಮೇಲೆ ಕಣ್ಣು ಮುಚ್ಚಿಸಿ, ಎರಡೂ ಅಂಗೈ ಮೇಲ್ಮುಖವಾಗಿ, ಭುಜದ ಮಟ್ಟಕ್ಕೆ ಕೈ ಚಾಚಿಸಿ ಹತ್ತರವರೆಗೆ ಎಣಿಸಿ. ಒಂದು ಕೈ ಮೆಲ್ಲಗೆ ಕೆಳಗಿಳಿದರೆ ಅಥವಾ ಅಂಗೈ ತಾನಾಗಿ ಒಳಕ್ಕೆ ತಿರುಗಿದರೆ ಅದು ದೌರ್ಬಲ್ಯವೇ. ಕೈ ಪೂರ್ತಿ ಬಿದ್ದುಹೋಗಲಿ ಅಂತ ಕಾಯಬೇಡಿ. ಮಲಗಿದ್ದರೆ ಒಂದೊಂದೇ ಕಾಲನ್ನು ಸ್ವಲ್ಪ ಎತ್ತಿ ಐದು ಎಣಿಸುವವರೆಗೆ ಹಿಡಿಯಲು ಹೇಳಿ.

ಮಾತಿಗೆ "ಅಪ್ಪ ಬೆಂಗಳೂರಿಂದ ಬಾಳೆಹಣ್ಣು ತಂದರು" ಅನ್ನುವಂಥ ವಾಕ್ಯ ಹೇಳಿಸಿ. ಪ, ಬ ಅನ್ನಲು ತುಟಿ ಕೂಡಬೇಕು; ಳ, ಣ ಅನ್ನಲು ನಾಲಿಗೆ ಮೇಲಕ್ಕೆ ಮಡಿಯಬೇಕು; ತೊದಲು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆದರೆ ಇನ್ನೊಂದು ಬಗೆಯೂ ಇದೆ, ಅದನ್ನೇ ಜನ ಹೆಚ್ಚಾಗಿ ಕೈಬಿಡುವುದು. ಉಚ್ಚಾರ ಸ್ಪಷ್ಟವಾಗಿರುತ್ತದೆ, ಪದಗಳು ತಪ್ಪಾಗಿರುತ್ತವೆ. ಲೋಟ ಅನ್ನಬೇಕಾದಲ್ಲಿ ಬಾಚಣಿಗೆ ಅನ್ನುತ್ತಾರೆ, ಹೇಳಿದ್ದು ಅರ್ಥವಾಗದೆ ಸುಮ್ಮನೆ ತಲೆಯಾಡಿಸುತ್ತಾರೆ. ವಯಸ್ಸಾದ ಹೆಂಗಸಾದರೆ "ಅರಳುಮರಳು" ಅಂತ ಬಿಟ್ಟುಬಿಡುತ್ತಾರೆ. ಪೆನ್ನು, ಗಡಿಯಾರ ತೋರಿಸಿ ಹೆಸರು ಕೇಳಿ. "ಕಣ್ಣು ಮುಚ್ಚಿ, ಮುಷ್ಟಿ ಬಿಗಿ ಹಿಡಿಯಿರಿ" ಅಂತ ಬಾಯಲ್ಲಷ್ಟೇ ಹೇಳಿ, ನೀವು ಮಾಡಿ ತೋರಿಸಬೇಡಿ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ರೋಗಿಗೇ ತನ್ನ ಎಡಗೈ ಬಿದ್ದಿರುವುದು ಗೊತ್ತಾಗದೆ ಹೋಗಬಹುದು. "ನನಗೇನಾಗಿದೆ, ಸುಮ್ಮನಿರಿ, ಸಾರಿಗೆ ಒಗ್ಗರಣೆ ಹಾಕಬೇಕು" ಅಂತ ರೇಗುತ್ತಾರೆ. ಎಡಗಾಲಿನ ಚಪ್ಪಲಿ ಜಾರಿಹೋಗಿದ್ದರೂ ಅರಿವಿರುವುದಿಲ್ಲ. ಸೆರಗು ಎಡಭುಜದಿಂದ ಜಾರಿದ್ದರೆ ಸರಿಮಾಡಿಕೊಳ್ಳುವುದಿಲ್ಲ, ರಂಗೋಲಿಯ ಎಡಭಾಗ ಖಾಲಿ ಬಿಟ್ಟಿರುತ್ತಾರೆ. ಅವರ ಮಾತು ನಂಬಿ ಕೂರಬೇಡಿ, ಕೈ ಎತ್ತಿಸಿ ನೋಡಿ.

ಬಿಕ್ಕಳಿಕೆಯ ವಿಷಯ: ಮೆದುಳಿನ ಬುಡದ ಸ್ಟ್ರೋಕ್‌ನಲ್ಲಿ ಬಿಡದೆ ಬಿಕ್ಕಳಿಕೆ ಬರುವುದುಂಟು. ಆದರೆ ಜೊತೆಗೆ ವಿಪರೀತ ತಲೆಸುತ್ತು, ನುಂಗಲು ಕಷ್ಟ, ಮುಖದ ಒಂದು ಪಕ್ಕ ಮರಗಟ್ಟುವುದು ಇಂಥದ್ದು ಇರುತ್ತದೆ. ಬರೀ ಬಿಕ್ಕಳಿಕೆಯನ್ನು ಪುಟದಲ್ಲಿ ಹಾಕಬೇಡಿ.

---

ಕ್ಯಾಷುವಾಲಿಟಿ_ಡ್ಯೂಟಿ

ಮೇಲಿನದಕ್ಕೆ ತಲೆಸುತ್ತು ಮತ್ತು ದೃಷ್ಟಿ ಸೇರಿಸಿ. ಹಾಸಿಗೆಯಲ್ಲಿ ಮಗ್ಗುಲಾದಾಗ ಮಾತ್ರ ಬಂದು ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಸಾಮಾನ್ಯವಾಗಿ ಕಿವಿಯದು. ಬಿಡದೆ ಇರುವ ಸುತ್ತು, ಎದ್ದು ನಿಂತರೆ ಒಂದೇ ಕಡೆಗೆ ವಾಲುವುದು, ಆಸರೆಯಿಲ್ಲದೆ ನಡೆಯಲು ಆಗದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಕಣ್ಣು ಅಥವಾ ನೋಟದ ಅರ್ಧಭಾಗ ಕಪ್ಪಾಗುವುದು, ಇವು ಸ್ಟ್ರೋಕ್‌ನ ಲಕ್ಷಣಗಳು. ಇಂಥವರಿಗೆ ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುವ ಅಭ್ಯಾಸ ನಮ್ಮಲ್ಲಿದೆ. ಗಂಟಲಿನ ಸ್ನಾಯು ಸೋತಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ನೀರು, ಕಾಫಿ, ಮಾತ್ರೆ ಯಾವುದೂ ಬಾಯಿಗೆ ಬೇಡ.

ಆಸ್ಪಿರಿನ್ ಅಂತೂ ಬೇಡವೇ ಬೇಡ. ಅದು ಹೃದಯಾಘಾತದ ಪಾಠ. ಸ್ಟ್ರೋಕ್‌ನಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಸಿಟಿ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗದು. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ. ಬಿಪಿ 190 ಇದೆ ಅಂತ ಮನೆಯ ಬಿಪಿ ಮಾತ್ರೆ ಒಂದು ಹೆಚ್ಚಿಗೆ ಕೊಡುವುದೂ ತಪ್ಪು. ಕಟ್ಟಿಕೊಂಡ ನಾಳದ ಆಚೆಗೆ ಅಷ್ಟೋ ಇಷ್ಟೋ ರಕ್ತ ಹೋಗುತ್ತಿರುವುದು ಆ ಒತ್ತಡದಿಂದಲೇ. ಗ್ಲುಕೋಮೀಟರ್ ಇದ್ದರೆ ಒಮ್ಮೆ ನೋಡಿ. ಸಕ್ಕರೆ 70ಕ್ಕಿಂತ ಕಡಿಮೆಯಾದಾಗ ಸ್ಟ್ರೋಕ್‌ನಂತೆಯೇ ಕಾಣಬಹುದು, ಆಂಬುಲೆನ್ಸಿನವರಿಗೆ ಆ ಸಂಖ್ಯೆ ಹೇಳಿ. ವಾಂತಿ ಅಥವಾ ಮಂಪರು ಇದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಸಮಯದ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯ ಗಡುವು 4.5 ಗಂಟೆ. ಜನ ಇದನ್ನು ಆಸ್ಪತ್ರೆ ತಲುಪುವ ಗಡುವು ಅಂದುಕೊಳ್ಳುತ್ತಾರೆ. ಅದು ಸೂಜಿ ಚುಚ್ಚುವ ಹೊತ್ತು. ಬಾಗಿಲಿಗೆ ಬಂದ ಮೇಲೆ ಸ್ಕ್ಯಾನ್, ಸಕ್ಕರೆ, ತೂಕ, ಬಿಪಿಯನ್ನು 185/110ಕ್ಕಿಂತ ಕೆಳಗೆ ತರುವುದು, ಮನೆಯವರ ಒಪ್ಪಿಗೆ ಎಲ್ಲ ಆಗಬೇಕು; ಒಳ್ಳೆಯ ಕಡೆ ಇದಕ್ಕೆ ಇಟ್ಟುಕೊಂಡ ಗುರಿಯೇ 60 ನಿಮಿಷದೊಳಗೆ. ಗಡುವಿನ ಒಳಗೂ ಬೇಗ ಕೊಟ್ಟಷ್ಟೂ ಉಪಯೋಗ ಹೆಚ್ಚು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಹೆಪ್ಪು ಎಳೆದು ತೆಗೆಯುತ್ತಾರೆ. ಅದನ್ನು 6 ಗಂಟೆಯೊಳಗೆ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು. ಹಾಗಾಗಿ ತಡವಾಯಿತು ಅಂತ ನಾಟಿ ಔಷಧಿಗೆ, ಎಣ್ಣೆ ತಿಕ್ಕಿಸಲು ಹೊರಡಬೇಡಿ.

ಗಡಿಯಾರ ಶುರುವಾಗುವುದು ಬಿದ್ದಿದ್ದನ್ನು ನೀವು ಕಂಡಾಗ ಅಲ್ಲ, ಅವರು ಕೊನೆಯ ಸಲ ಸರಿಯಿದ್ದಾಗ. ಒಂಟಿಯಾಗಿದ್ದರೆ ಅವರ ಫೋನಿನ ಕೊನೆಯ ಕರೆ, ಕೊನೆಯ ಮೆಸೇಜ್ ನೋಡಿ. ಬಾಗಿಲ ಚೀಲದ ಹಾಲಿನ ಪ್ಯಾಕೆಟ್ ಒಳಗೆ ಬಂದಿದೆಯೇ, ದೇವರ ದೀಪ ಹಚ್ಚಿದ್ದಾರೆಯೇ ನೋಡಿ. ಬೆಳಿಗ್ಗೆ ಏಳುವಾಗಲೇ ಹೀಗಾಗಿದ್ದರೆ ರಾತ್ರಿ ಮಲಗಿದ ಹೊತ್ತೇ ಲೆಕ್ಕ, ಆದರೂ ಎಂಆರ್‌ಐ ನೋಡಿ ಕೆಲವರಿಗೆ ಇಂಜೆಕ್ಷನ್ ಕೊಡುವುದುಂಟು, ತಕ್ಷಣ ಹೊರಡಿ.

ಹೊರಡುವಾಗ ಮಾತ್ರೆಗಳ ಚೀಟಿ, ಸ್ಟ್ರಿಪ್ ಎಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಅಸಿಟ್ರೋಮ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲ ಮಾತೇ ಅದಾಗಲಿ. ಆಧಾರ್, ಆಯುಷ್ಮಾನ್ ಕಾರ್ಡ್ ಹುಡುಕುತ್ತ ನಿಲ್ಲಬೇಡಿ, ಯಾರಾದರೂ ಹಿಂದಿನಿಂದ ತರಲಿ. ದಾರಿಯಲ್ಲೇ ಓಲೆ, ಮೂಗುಬೊಟ್ಟು, ಹೇರ್‌ಪಿನ್, ಸರ, ಬಳೆ, ಕಾಲುಂಗುರ ಬಿಚ್ಚಿಡಿ. ತಲೆಯ ಹತ್ತಿರದ ಲೋಹ ಸಿಟಿ ಚಿತ್ರದಲ್ಲಿ ಗೆರೆ ಬೀಳಿಸುತ್ತದೆ. ಎಂಆರ್‌ಐಗೆ ಮೈಮೇಲೆ ಲೋಹವೇ ಇರಬಾರದು. ತಾಳಿ ತೆಗೆಯಲು ಮನೆಯವರು ಹಿಂದೆಮುಂದೆ ನೋಡಿ ಸ್ಕ್ಯಾನ್ ಬಾಗಿಲಲ್ಲೇ ನಿಲ್ಲುವುದುಂಟು.

---

ವಿಜಯನಗರ_ಮಂಡಳಿ

ಸೆರಗು, ಚಪ್ಪಲಿಯ ವಿಷಯ ಹಾಗೇ ಹಾಕುತ್ತೇವೆ. ಆಸ್ಪತ್ರೆ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಹತ್ತು ನಿಮಿಷದಲ್ಲಿ ತಾನಾಗೇ ಸರಿಹೋದರೆ? ಅಂಥವರನ್ನು ಹೊರಡಿಸುವುದೇ ಕಷ್ಟ.

---

ಕ್ಯಾಷುವಾಲಿಟಿ_ಡ್ಯೂಟಿ

ಸರಿಹೋದರೂ ಅದೇ ದಿನ ಆಸ್ಪತ್ರೆಗೆ. ಅದು ಮಿನಿ ಸ್ಟ್ರೋಕ್. ದೊಡ್ಡದು ಬರುವ ಅಪಾಯ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಕತ್ತಿನ ರಕ್ತನಾಳ, ಇಸಿಜಿ ನೋಡಿಸಿ ಮಾತ್ರೆ ಶುರು ಮಾಡಲು ಸಿಗುವ ಅವಕಾಶವೂ ಅದೇ.

ಆಸ್ಪತ್ರೆಯನ್ನು ಈಗಲೇ ಗೊತ್ತುಮಾಡಿ. ನಿಮ್ಮ ಬಡಾವಣೆಯಿಂದ ಹತ್ತಿರದ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ: ಸಿಟಿ ರಾತ್ರಿ ಹೊತ್ತೂ ನಡೆಯುತ್ತದೆಯೇ, ಟೆಕ್ನಿಷಿಯನ್ ಅಲ್ಲೇ ಇರುತ್ತಾರೋ ಮನೆಯಿಂದ ಕರೆಸುತ್ತೀರೋ, ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕ್ ಇದೆಯೇ, ಕೊಡಲು ನಿರ್ಧರಿಸುವ ವೈದ್ಯರು ಯಾರು, ತಂತಿಯಿಂದ ಹೆಪ್ಪು ತೆಗೆಯುವ ವ್ಯವಸ್ಥೆ ಇದೆಯೇ. ಇಂಜೆಕ್ಷನ್ ಸ್ಟಾಕ್ ಬಗ್ಗೆ "ನೋಡಿ ಹೇಳ್ತೀವಿ" ಅನ್ನುವ ಕಡೆಯನ್ನು ಪಟ್ಟಿಯಿಂದ ತೆಗೆಯಿರಿ. ಸರ್ಕಾರಿ ವ್ಯವಸ್ಥೆಯಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ. ಆದರೆ ಸಂಜೆ ಆರಕ್ಕೆ ವಿಜಯನಗರದಿಂದ ಅಲ್ಲಿಗೆ ಹೋಗುವ ಹೊತ್ತನ್ನೂ ಲೆಕ್ಕ ಹಾಕಿ. ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆಯಲ್ಲಿ ಅದನ್ನು ಕೊಡಿಸಿ ಮುಂದಕ್ಕೆ ಕಳಿಸಲೂ ಆಗುತ್ತದೆ. ಬಿಪಿ ನೋಡಿ ಡ್ರಿಪ್ ಹಾಕಿ "ಬೆಳಿಗ್ಗೆ ನೋಡೋಣ" ಅನ್ನುವ ನರ್ಸಿಂಗ್ ಹೋಮ್‌ನಲ್ಲಿ ಇಳಿದರೆ ಗಡುವು ಅಲ್ಲೇ ಮುಗಿಯಿತು.

108ಕ್ಕೆ ಕರೆ ಮಾಡಿ, "ಸ್ಟ್ರೋಕ್ ಇರಬಹುದು" ಅನ್ನುವ ಪದವನ್ನೇ ಬಳಸಿ. ಆಂಬುಲೆನ್ಸ್ ತಡವೆಂದರೆ ಕಾರು, ಆಟೋ ಯಾವುದಾದರೂ ಸರಿ. ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ವಯಸ್ಸು, ಕೊನೆಯ ಸಲ ಸರಿಯಿದ್ದ ಹೊತ್ತು ತಿಳಿಸಿ.

ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಮನೆಗೆ ಹೊರಡಬೇಡಿ. ನಾಳ ಕಟ್ಟಿದ ಸ್ಟ್ರೋಕ್ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೆ ಇರಬಹುದು. ಆ ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಲು. ಮುಟ್ಟಾಗಿದ್ದರೆ ಸಂಕೋಚಪಡದೆ ಹೇಳಿ. ಅದೊಂದೇ ಕಾರಣಕ್ಕೆ ಇಂಜೆಕ್ಷನ್ ನಿಲ್ಲಿಸುವುದಿಲ್ಲ.

---

ಹೆರಿಗೆ_ವಾರ್ಡ್

ಬಾಣಂತಿಯರಿಗೆ ಬೇರೆ ಚೌಕ ಬೇಕೇ ಬೇಕು. ಹೆರಿಗೆಯಾದ ಮೊದಲ 6 ವಾರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಆಗ ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ಸಿರೆಗಳಲ್ಲಿ ಹೆಪ್ಪುಗಟ್ಟುವ ಕಾಯಿಲೆ ನಮ್ಮ ದೇಶದಲ್ಲಿ ಅಪರೂಪವಲ್ಲ. ಇದಕ್ಕೆ ಮೇಲಿನ "ಇದ್ದಕ್ಕಿದ್ದಂತೆ" ನಿಯಮ ಸರಿಹೊಂದುವುದಿಲ್ಲ. ತಲೆನೋವು ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ, ಮಲಗಿದರೆ, ಕೆಮ್ಮಿದರೆ ಜಾಸ್ತಿ, ಜೊತೆಗೆ ವಾಂತಿ, ಕಣ್ಣು ಮಂಜು. ಆಮೇಲೆ ಫಿಟ್ಸ್ ಅಥವಾ ಒಂದು ಬದಿ ಬಲಹೀನ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಆದವರಿಗೂ ತಲೆನೋವು ಬರುತ್ತದೆ, ಆದರೆ ಅದು ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಆ ಕ್ರಮ ತಲೆಕೆಳಗಾದರೆ, ಅಥವಾ ಮಲಗಿದರೂ ಬಿಡದಿದ್ದರೆ, ಕಾಯಬೇಡಿ. ಸಾದಾ ಸಿಟಿಯಲ್ಲಿ ಇದು ತಪ್ಪಿಹೋಗಬಹುದು; ಸಿರೆಗಳ ಚಿತ್ರ, ಅಂದರೆ ವೆನೋಗ್ರಾಮ್ ಬೇಕೇ ಎಂದು ನೀವೇ ಕೇಳಿ.

ಬಾಣಂತಿಗೆ ನೀರು ಹೆಚ್ಚು ಕೊಡಬಾರದು ಅನ್ನುವ ಪದ್ಧತಿ ಬೆಂಗಳೂರಿನ ಮನೆಗಳಲ್ಲಿ ಇನ್ನೂ ಇದೆ. ಬಿಸಿ ಕೋಣೆ, ಕಿವಿಗೆ ಬಟ್ಟೆ, ಬೆವರು, ಹಾಲುಣಿಸುವುದು, ಮೇಲೆ ಕುಡಿಯಲು ಎರಡು ಲೋಟ. ಮೈಯ ನೀರು ಆರಿದರೆ ರಕ್ತ ಇನ್ನೂ ಸುಲಭವಾಗಿ ಹೆಪ್ಪುಗಟ್ಟುತ್ತದೆ, ರಕ್ತಹೀನತೆ ಇದ್ದರಂತೂ ಅಪಾಯ ಮತ್ತಷ್ಟು. ಹೃದಯ, ಕಿಡ್ನಿ ತೊಂದರೆಯಿಂದ ವೈದ್ಯರು ತಡೆದಿಲ್ಲವಾದರೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಹೋಗಲಿ. ಅಜ್ಜಿಯರೊಡನೆ ಜಗಳ ಬೇಡ, ಜೀರಿಗೆ ಹಾಕಿ ಕಾಯಿಸಿದ ನೀರನ್ನೇ ಬಿಸಿಬಿಸಿಯಾಗಿ ಕೊಡಿ. ಅವರಿಗೂ ಒಪ್ಪಿಗೆ, ದೇಹಕ್ಕೂ ಸಾಕು.

ಬಸುರಿಯಲ್ಲಿ ಬಿಪಿ ಏರಿದ್ದವರು ಹೆರಿಗೆಯ ನಂತರವೂ ಅಳೆಯುತ್ತಿರಬೇಕು. ಹೆರಿಗೆಯಾದ ಮೇಲೆಯೇ ಮೊದಲ ಬಾರಿಗೆ ಬಿಪಿ ಏರುವುದೂ ಉಂಟು. 160/110 ಅಥವಾ ಹೆಚ್ಚು ಬಂದರೆ, ತಲೆನೋವು ಇರಲಿ ಬಿಡಲಿ, ಅದೇ ಗಳಿಗೆ ಆಸ್ಪತ್ರೆ. ಗರ್ಭಿಣಿಗೆ ಸ್ಟ್ರೋಕ್ ಶಂಕೆ ಇದ್ದರೆ ಮಗುವಿಗೆ ತೊಂದರೆ ಅಂತ ತಲೆಯ ಸಿಟಿ ಬೇಡವೆನ್ನಬೇಡಿ, ಹೊಟ್ಟೆಗೆ ತಲುಪುವ ವಿಕಿರಣ ತೀರಾ ಅಲ್ಪ.

ಕೊನೆಗೆ ಮಾತ್ರೆಗಳು. ವರಮಹಾಲಕ್ಷ್ಮಿ ಹಬ್ಬ, ಮದುವೆ, ತಿರುಪತಿ ಯಾತ್ರೆ ಅಂದರೆ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುತ್ತಾರೆ. ಅದರಲ್ಲಿರುವ ನೊರೆಥಿಸ್ಟೆರಾನ್‌ನ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರು, ಮನೆತನದಲ್ಲಿ ಆ ತೊಂದರೆ ಇರುವವರು, ಈಚೆಗೆ ಹೆರಿಗೆಯಾದವರು ವೈದ್ಯರನ್ನು ಕೇಳದೆ ನುಂಗಬಾರದು. ಕಣ್ಣ ಮುಂದೆ ಮಿಂಚಿನ ಗೆರೆ ಬಂದು ನಂತರ ಅರೆತಲೆನೋವು ಬರುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ದೂರವಿರಬೇಕು, ಬೇರೆ ವಿಧಾನಗಳಿವೆ. ಇಂಥ ಯಾವುದೇ ಮಾತ್ರೆ ನುಂಗುತ್ತಿರುವಾಗ ಹೊಸ ತಲೆನೋವು ಶುರುವಾದರೆ, ಮಾತ್ರೆಯ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅತ್ತೆ ಅಥವಾ ಗಂಡ ಪಕ್ಕದಲ್ಲಿರುವಾಗ ಹೆಂಗಸರು ಇದನ್ನು ಬಾಯಿಬಿಡುವುದಿಲ್ಲ, ಕೇಳುವವರೂ ಕಡಿಮೆ.

---

ನರವಿಭಾಗದ_ದಾದಿ

ಒಂದು ಸೇರ್ಪಡೆ. ಚಿಕ್ಕಂದಿನ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟಿರುವ ಹೆಂಗಸರಿಗೆ ಮೂವತ್ತು ನಲವತ್ತರಲ್ಲೇ ಸ್ಟ್ರೋಕ್ ಆಗಬಹುದು. ನಾಡಿ ತಾಳ ತಪ್ಪಿ ಬಡಿಯುತ್ತಿದ್ದರೆ ಇಸಿಜಿ ಮಾಡಿಸಿ. ಅಸಿಟ್ರೋಮ್ ನುಂಗುವವರು ಹಬ್ಬ, ಉಪವಾಸ ಅಂತ ಎರಡು ದಿನ ಬಿಡುವುದು ಸಾಮಾನ್ಯ. ಹೆಪ್ಪು ಕಟ್ಟಲು ಅಷ್ಟು ಸಾಕು. "ಚಿಕ್ಕ ವಯಸ್ಸು, ಸ್ಟ್ರೋಕ್ ಆಗಲ್ಲ" ಅನ್ನುವ ಅರ್ಥ ಬರುವ ಯಾವ ಸಾಲೂ ನಿಮ್ಮ ಪುಟದಲ್ಲಿ ಇರದಂತೆ ನೋಡಿಕೊಳ್ಳಿ. ಫೋನ್ ಮಾಡಿ ಗೊತ್ತುಮಾಡಿದ ಆಸ್ಪತ್ರೆಗಳ ಕ್ಯಾಷುವಾಲಿಟಿ ನಂಬರ್‌ಗಳಿಗೆ ಕೆಳಗಡೆ ಖಾಲಿ ಜಾಗ ಬಿಡಿ, ಆರು ತಿಂಗಳಿಗೊಮ್ಮೆ ಮತ್ತೆ ವಿಚಾರಿಸಿ ತಿದ್ದಿ ಬರೆಯಿರಿ.