‘ಜ್ಞಾನೋದಯ’ ಬಿಟ್ಟು ಬೇರೆ ಪದ ಬೇಕಾಗಿದೆ: ಕಾಂಟ್‌ನ ಒಂದು ಪ್ರಬಂಧದ ಬಗ್ಗೆ

ಗೆಳೆಯರೇ,

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1784ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಒಂದು ಮಾಸಪತ್ರಿಕೆಗೆ ಬರೆದ ಪುಟ್ಟ ಪ್ರಬಂಧವನ್ನು ಜರ್ಮನ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಔಫ್‌ಕ್ಲೇರುಂಗ್ ಎಂದರೇನು ಎಂಬುದೇ ಅದರ ಪ್ರಶ್ನೆ. ಇಂಗ್ಲಿಷಿನಲ್ಲಿ ಅದು ಎನ್‌ಲೈಟನ್‌ಮೆಂಟ್: ಸ್ವಂತ ಬುದ್ಧಿಯಿಂದ ಯೋಚಿಸಬೇಕು ಎಂದ ಯುರೋಪಿನ ಚಿಂತನೆ. ನಾನು ಸಿಕ್ಕಿಕೊಂಡಿರುವುದೂ ಅಲ್ಲೇ.

ಬಳಕೆಯಲ್ಲಿರುವ ಪದ ‘ಜ್ಞಾನೋದಯ’. ಕರಡನ್ನು ಪದವಿ ತರಗತಿಯ ಕೆಲವರಿಗೆ ಓದಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: ‘ಕಾಂಟ್‌ಗೆ ಜ್ಞಾನೋದಯ ಆದದ್ದು ಯಾವಾಗ ಸಾರ್?’ ತಪ್ಪು ಅವಳದ್ದಲ್ಲ. ಕನ್ನಡದ ಕಿವಿಗೆ ಆ ಪದ ಬಿದ್ದೊಡನೆ ಬೋಧಿವೃಕ್ಷ ಕಣ್ಣಮುಂದೆ ಬರುತ್ತದೆ. ಅದು ಒಬ್ಬ ಮನುಷ್ಯನಿಗೆ ಒಂದು ರಾತ್ರಿ ಆಗಿ ಮುಗಿಯುವಂಥದ್ದು. ಕಾಂಟ್ ಹೇಳುವುದು ಇದಕ್ಕೆ ಹೆಚ್ಚುಕಮ್ಮಿ ತಿರುಗುಮುರುಗು. ಪರರ ಬುದ್ಧಿಯ ಆಸರೆಯಿಂದ ಒಬ್ಬೊಬ್ಬನೇ ಹೊರಬರುವುದು ಬಹಳ ಕಷ್ಟ, ಆದರೆ ಜನಸಮುದಾಯಕ್ಕೆ ಬಹಿರಂಗವಾಗಿ ವಿಚಾರ ಮಾಡುವ ಸ್ವಾತಂತ್ರ್ಯ ಕೊಟ್ಟರೆ ಅದು ತಾನಾಗಿಯೇ, ನಿಧಾನವಾಗಿ, ಆಗುತ್ತದೆ ಎನ್ನುತ್ತಾನೆ ಆತ.

ಜರ್ಮನ್ ಪದದೊಳಗಿರುವ ‘ಕ್ಲಾರ್’ ಅಂದರೆ ನಿಚ್ಚಳ, ತಿಳಿ. ಇಲ್ಲಿ ನನಗೆ ನಮ್ಮದೇ ಪದ ಹೊಳೆಯಿತು. ಮಳೆಗಾಲದಲ್ಲಿ ಬಾವಿ ನೀರು ಕೆಂಪಾದಾಗ ಅಜ್ಜಿ ಕೊಡದಲ್ಲಿ ಪಟಿಕ ಆಡಿಸಿ ಮೂಲೆಗಿಟ್ಟು, ‘ಕದಡಬೇಡಿ, ತಿಳಿಯಾಗಲಿ’ ಅನ್ನುತ್ತಿದ್ದರು. ತಿಳಿನೀರಿನ ‘ತಿಳಿ’ಯೂ ಅದೇ, ‘ನನಗೆ ತಿಳಿಯಿತು’ ಅನ್ನುವಾಗಿನ ‘ತಿಳಿ’ಯೂ ಅದೇ. ನಿರ್ಮಲವಾಗುವುದು, ಅರ್ಥವಾಗುವುದು ಎರಡನ್ನೂ ಒಂದೇ ಧಾತುವಿನಲ್ಲಿ ಹಿಡಿದಿರುವ ಭಾಷೆ ನಮ್ಮದು. ಇದನ್ನು ಬಿಟ್ಟು ಸಂಸ್ಕೃತದ ಸಮಾಸಕ್ಕೆ ಏಕೆ ಹೋದೆವೋ ಎಂದು ನಿಜಕ್ಕೂ ಬೇಸರವಾಗುತ್ತದೆ.

ಪ್ರಬಂಧದ ಪ್ರಸಿದ್ಧ ವಾಕ್ಯಕ್ಕೆ ಹಚ್ಚಿ ನೋಡಿ. ನಮ್ಮದು ಈಗಾಗಲೇ ಔಫ್‌ಕ್ಲೇರುಂಗ್ ಮುಗಿದ ಕಾಲವೇ? ಅಲ್ಲ, ಅದು ನಡೆಯುತ್ತಿರುವ ಕಾಲ ಎನ್ನುತ್ತಾನೆ ಕಾಂಟ್. ‘ಜ್ಞಾನೋದಯ’ ಹಾಕಿದರೆ ಈ ವಾಕ್ಯ ತೊದಲುತ್ತದೆ. ‘ನಮ್ಮದು ತಿಳಿಯಾದ ಕಾಲವಲ್ಲ, ತಿಳಿಯಾಗುತ್ತಿರುವ ಕಾಲ’ ಎಂದರೆ ಸಲೀಸಾಗಿ ನಿಲ್ಲುತ್ತದೆ. ನಾಮಪದವಾಗಿ ‘ತಿಳಿವು’ ಸಾಕೇ, ‘ತಿಳಿವಿನ ಕಾಲ’ ಎನ್ನಬಹುದೇ? ಹೊಸ ಪದ ಪುಸ್ತಕದ ಭಾಷೆಯಂತೆ ಕೇಳಿಸೀತು ಎಂಬ ಅಳುಕಿದೆ. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅದೇ ಪತ್ರಿಕೆಯಲ್ಲಿ, ಅದೇ ಪ್ರಶ್ನೆಗೆ ಉತ್ತರ ಬರೆದ ಇನ್ನೊಬ್ಬ ತತ್ವಜ್ಞಾನಿ ಮೋಸೆಸ್ ಮೆಂಡೆಲ್ಸೋನ್ ಶುರುಮಾಡಿದ್ದೇ ಈ ಪದ ನಮ್ಮ ಭಾಷೆಗೆ ಹೊಸಬ, ಸದ್ಯಕ್ಕೆ ಪುಸ್ತಕದ ಭಾಷೆಗಷ್ಟೇ ಸೇರಿದ್ದು ಎಂದು. ಜರ್ಮನ್ನರಿಗೂ ಆಗ ಅದು ಒಗ್ಗಿರಲಿಲ್ಲ.

ಎರಡನೆಯ ತೊಡಕು ಮೊದಲ ಸಾಲಿನದು. ಔಫ್‌ಕ್ಲೇರುಂಗ್ ಎಂದರೆ ಮನುಷ್ಯ ತಾನೇ ತಂದುಕೊಂಡ ‘ಉನ್‌ಮ್ಯುಂಡಿಶ್‌ಕೈಟ್’ನಿಂದ ಹೊರಬರುವುದು. ಇಂಗ್ಲಿಷ್ ಅನುವಾದದ ಜಾಡು ಹಿಡಿದು ‘ಅಪ್ರಬುದ್ಧತೆ’ ಎಂದರೆ ಬೈಗುಳದ ಹಾಗಾಗುತ್ತದೆ. ಮೂಲಪದ ಕೋರ್ಟು ಕಚೇರಿಯದು. ಆಸ್ತಿಪತ್ರಗಳಲ್ಲಿ ಮಗುವಿನ ಹೆಸರಿನ ಮುಂದೆ ‘ಮೈನರ್, ಗಾರ್ಡಿಯನ್ ತಾಯಿ’ ಎಂದು ಬರೆಯುತ್ತಾರಲ್ಲ, ಆ ಸ್ಥಿತಿ. ಪರವಾಗಿ ಇನ್ನೊಬ್ಬರು ಸಹಿ ಹಾಕುವ ಸ್ಥಿತಿ. ಕಾಂಟ್ ಮುಂದೆ ಕೊಡುವ ಉದಾಹರಣೆಗಳೆಲ್ಲ ಇದರ ಮೇಲೇ ನಿಂತಿವೆ: ನನ್ನ ಬದಲು ಬುದ್ಧಿ ಓಡಿಸಲು ಪುಸ್ತಕವಿದೆ, ಆತ್ಮಸಾಕ್ಷಿಗೆ ಪಾದ್ರಿ ಇದ್ದಾನೆ, ಪಥ್ಯಕ್ಕೆ ವೈದ್ಯನಿದ್ದಾನೆ, ನಾನೇಕೆ ಕಷ್ಟಪಡಲಿ? ‘ಅಪ್ರಾಪ್ತತೆ’ ಸರಿಯಾದರೂ ಒಣಕಲು. ‘ವಯಸ್ಸಿಗೆ ಬಾರದಿರುವುದು’ ಎಂದರೆ ಅರ್ಥ ಮೈಯ ಕಡೆ ಜಾರುತ್ತದೆ. ನಾನು ‘ಮೈನರ್‌ತನ’ ಎಂದೇ ಇಟ್ಟಿದ್ದೇನೆ. ಹಳ್ಳಿಯ ರೈತನಿಗೂ ಅದು ಗೊತ್ತಿರುವ ಪದ. ತತ್ವಶಾಸ್ತ್ರಕ್ಕೆ ಹಗುರವಾಯಿತು ಅನ್ನಿಸುವವರು ದಯವಿಟ್ಟು ಬದಲಿ ಸೂಚಿಸಿ.

‘ಟೊಲೆರಾಂಟ್ಸ್’ಗೆ ‘ಸಹಿಷ್ಣುತೆ’ಯನ್ನೇ ಉಳಿಸಿಕೊಂಡೆ. ಧರ್ಮದ ವಿಷಯದಲ್ಲಿ ಪ್ರಜೆಗಳಿಗೆ ಏನನ್ನೂ ವಿಧಿಸದ ದೊರೆ ಆ ಸೊಕ್ಕಿನ ಹೆಸರನ್ನು ಸಹ ಬೇಡವೆನ್ನುತ್ತಾನೆ ಎಂದು ಕಾಂಟ್ ಹೊಗಳುವುದು ಪ್ರಷ್ಯದ ಫ್ರೆಡರಿಕ್‌ನನ್ನು. ‘ಸಹಿಸಿಕೊಂಡಿದ್ದೇನೆ’ ಎಂಬ ಮಾತಿನ ಸೊಕ್ಕು ಅಲ್ಲಿ ಬೇಕೇ ಬೇಕು. ‘ಸೈರಣೆ’ ಹಾಕಲು ಮನಸ್ಸಾಗಲಿಲ್ಲ. ‘ನೆರೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ’ ಎಂದು ಕವಿರಾಜಮಾರ್ಗ ಅದನ್ನೇ ಬಂಗಾರ ಎಂದಿದೆ. ಅಲ್ಲಿ ಸೈರಿಸುವವನು ಮೇಲೆ ಕೂತವನಲ್ಲ.

ಕೊನೆಗೆ ಒಂದು ಮನೆಬಳಕೆಯ ಪದ. ಜನರ ಪರವಾಗಿ ಬುದ್ಧಿ ಓಡಿಸುವ ಪಾಲಕರು ತಮ್ಮ ಸಾಕುಪ್ರಾಣಿಗಳನ್ನು (ಅಂದರೆ ಆ ಜನರನ್ನೇ) ಮೊದಲು ಮಂಕುಮಾಡಿ, ‘ಗೆಂಗೆಲ್‌ವಾಗೆನ್’ ಬಿಟ್ಟು ಒಂದು ಹೆಜ್ಜೆಯೂ ಇಡದಂತೆ ನೋಡಿಕೊಳ್ಳುತ್ತಾರೆ ಎಂಬ ಸಾಲಿದೆ. ಅದು ಮಗುವಿಗೆ ನಡಿಗೆ ಕಲಿಸುವ ಚೌಕಟ್ಟು, ಮಗು ಅದರ ಒಳಗೆ ಬಂದಿ. ನಮ್ಮ ಮೂರು ಗಾಲಿಯ ಮರದ ಬಂಡಿಯನ್ನು ಮಗು ಹಿಂದೆ ನಿಂತು ತಳ್ಳುತ್ತದೆ, ಬೇಕಾದಾಗ ಕೈಬಿಡುತ್ತದೆ. ಹಾಗಾಗಿ ಆ ಪದ ಹಾಕಿದರೆ ಕಾಂಟ್‌ನ ಮಾತಿನ ಬಿಸಿಯೇ ಆರುತ್ತದೆ. ಮಗುವನ್ನು ಒಳಗೆ ನಿಲ್ಲಿಸುವ ಚೌಕಟ್ಟಿಗೆ ನಿಮ್ಮ ಸೀಮೆಯಲ್ಲಿ ಹೆಸರಿದೆಯೇ? ಮಲೆನಾಡು, ಕರಾವಳಿ, ಬೆಳಗಾವಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ.