ಎಚ್‌ಎಫ್ ಕಿಡಿ ಹಾರಿದ ಕೂಡಲೇ ವೈರ್‌ಲೆಸ್ ಪೆಡಲ್ ಕೈಕೊಡುತ್ತಿದೆ

ತಗಡುಗಾರ:
ಎಲ್ಲರಿಗೂ ನಮಸ್ಕಾರ. ನನ್ನದು 200 ಆಂಪಿಯರ್‌ನ ಎಸಿ/ಡಿಸಿ ಇನ್ವರ್ಟರ್ ಟಿಗ್ ಬೆಸುಗೆ (ವೆಲ್ಡಿಂಗ್) ಯಂತ್ರ. ಕಾಲಿನಿಂದ ಒತ್ತಿ ಕರೆಂಟ್ ಏರಿಳಿಸುವ ವೈರ್ ಇರುವ ಪೆಡಲ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಅದರ ಕೇಬಲ್ ಕಾಲಿಗೆ ತೊಡರಿ ಬೇಸತ್ತು ಈಗ ವೈರ್‌ಲೆಸ್ ಪೆಡಲ್ ತಂದಿದ್ದೇನೆ. ಒಂದಡಿ ಉದ್ದದ ವೈರಿನ ತುದಿಯಲ್ಲಿ ರಿಸೀವರ್ ಇದೆ, ಅದನ್ನು ಯಂತ್ರದ ರಿಮೋಟ್ ಸಾಕೆಟ್‌ಗೆ ಸಿಕ್ಕಿಸಬೇಕು.

ಪೆಡಲ್ ಒತ್ತಿದರೆ ಗ್ಯಾಸ್ ಬರುತ್ತದೆ, ಎಚ್‌ಎಫ್ ಕಿಡಿ (ಆರ್ಕ್ ಹೊತ್ತಿಸುವ ಅಧಿಕ ಆವರ್ತನದ ಕಿಡಿ) ಹಾರುತ್ತದೆ, ಆರ್ಕ್ (ಲೋಹ ಕರಗಿಸುವ ವಿದ್ಯುತ್ ಜ್ವಾಲೆ) ಹೊತ್ತಿಕೊಂಡಂತೆ ಮಾಡಿ ಅಲ್ಲೇ ಆರಿಹೋಗುತ್ತದೆ. ಹತ್ತು ಸಲ ಒತ್ತಿದರೆ ಆರೇಳು ಸಲ ಇದೇ ಕಥೆ. ಒಮ್ಮೆ ಹೊತ್ತಿಕೊಂಡರೆ ಮಾತ್ರ ಕೊನೆಯವರೆಗೂ ತಕರಾರಿಲ್ಲ. ಇನ್ನೊಂದು ತೊಂದರೆ: ಪೆಡಲನ್ನು ಸ್ವಲ್ಪ ಅದುಮಿದರೂ 1.5 ಮಿ.ಮೀ. ಸ್ಟೇನ್‌ಲೆಸ್ ತಗಡು ತೂತಾಗುತ್ತದೆ. ಬ್ಯಾಟರಿ ಹೊಸದು. ಪೆಡಲನ್ನೂ ರಿಸೀವರನ್ನೂ ಮೂರು ಸಲ ಮರುಜೋಡಣೆ ಮಾಡಿ ನೋಡಿದೆ. ರೇಡಿಯೋ ಸಿಗ್ನಲ್ಲೇ ದುರ್ಬಲವೇ? ಪೆಡಲನ್ನು ವಾಪಸ್ ಕೊಟ್ಟುಬಿಡಲೇ?

ಹಳೆಯ ಟಾರ್ಚ್:
ವಾಪಸ್ ಕೊಡುವ ಮಾತು ಆಮೇಲೆ. ಮೊದಲು ಮೂರು ವಿಷಯ ನೋಡಿ ಹೇಳಿ. ಕಿಡಿ ಹಾರುವ ಗಳಿಗೆಯಲ್ಲಿ ರಿಸೀವರ್‌ನ ದೀಪ ಏನು ಮಾಡುತ್ತದೆ? ಎಚ್‌ಎಫ್ ಆಫ್ ಮಾಡಿ ಲಿಫ್ಟ್ ಸ್ಟಾರ್ಟ್‌ನಲ್ಲಿ (ಬೆಸುಗೆ ಟಾರ್ಚಿನ ಟಂಗ್‌ಸ್ಟನ್ ಕಡ್ಡಿಯನ್ನು ಲೋಹಕ್ಕೆ ತಾಗಿಸಿ ಎತ್ತಿ) ಹತ್ತು ಸಲ ಹೊತ್ತಿಸಿದರೆ ಎಷ್ಟು ಸಲ ಆರ್ಕ್ ಆರದೆ ಉಳಿಯುತ್ತದೆ? ಯಂತ್ರದ ಮುಖಫಲಕದಲ್ಲಿ ಎಷ್ಟು ಆಂಪಿಯರ್ ಇಟ್ಟಿದ್ದೀರಿ, 2ಟಿ ಯೋ (ಒತ್ತಿದಷ್ಟು ಹೊತ್ತು ಮಾತ್ರ ಆರ್ಕ್) 4ಟಿ ಯೋ (ಒತ್ತಿ ಬಿಟ್ಟರೂ ಆರ್ಕ್ ಉಳಿಯುವುದು)?

ಬೆರಳಚಕ್ರ:
ನಾನಾಗಿದ್ದರೆ ಟಾರ್ಚ್ ಹಿಡಿಗೆ ಬೆರಳಿನಿಂದ ತಿರುಗಿಸುವ ಚಕ್ರ ಹಾಕಿಸಿಕೊಂಡು ಪೆಡಲಿನ ಗೋಜನ್ನೇ ಬಿಟ್ಟುಬಿಡುತ್ತಿದ್ದೆ. ನಿಂತಾದರೂ ಮಲಗಿಯಾದರೂ ಕೆಲಸ ಸಾಗುತ್ತದೆ.

ತಗಡುಗಾರ:
ಹಳೆಯ ಟಾರ್ಚ್ ಸರ್, ನೀವು ಹೇಳಿದ ಮೇಲೆ ಗಮನಿಸಿದೆ. ಉರಿಯುತ್ತಿದ್ದ ಹಸಿರು ದೀಪ ಕಿಡಿ ಹಾರಿದೊಡನೆ ಆರುತ್ತದೆ, ನಂತರ ಪೆಡಲನ್ನು ಹುಡುಕುತ್ತಿರುವಂತೆ ಮಿಣುಕುತ್ತದೆ. ಲಿಫ್ಟ್ ಸ್ಟಾರ್ಟ್‌ನಲ್ಲಿ ಹತ್ತಕ್ಕೆ ಹತ್ತೂ ಸಲ ಆರ್ಕ್ ಆರದೆ ಉಳಿಯಿತು! 2ಟಿ ಯಲ್ಲೇ ಇದೆ. ಫಲಕದಲ್ಲಿ 180 ಇಟ್ಟಿದ್ದೇನೆ.

ಬೆರಳಚಕ್ರ ಅವರೇ, ಅದನ್ನು ಪ್ರಯತ್ನಿಸಿ ನೋಡಿದ್ದೇನೆ. ಚಕ್ರ ತಿರುಗಿಸಿದಾಗಲೆಲ್ಲ ಟಂಗ್‌ಸ್ಟನ್ ತುದಿ ಅಲುಗಿ ಬೆಸುಗೆಯ ಕೊಳಕ್ಕೆ ಅದ್ದಿಬಿಡುತ್ತೇನೆ. ನನ್ನ ಕೈಗೆ ಅದು ಒಗ್ಗುವುದಿಲ್ಲ.

ಹಳೆಯ ಟಾರ್ಚ್:
ಹಾಗಾದರೆ ಪೆಡಲ್ ನಿರಪರಾಧಿ. ಎಚ್‌ಎಫ್ ಎಂದರೆ ಕೆಲವು ಸಾವಿರ ವೋಲ್ಟ್‌ಗಳ ಮಿಡಿತ. ಅದು ಗಾಳಿಯಲ್ಲಿ ನಿಮ್ಮ ರೇಡಿಯೋ ಸಂದೇಶವನ್ನು ಅಡಗಿಸುತ್ತಿದೆ ಎಂದು ಎಲ್ಲರೂ ಭಾವಿಸುತ್ತಾರೆ. ಅದೊಂದೇ ಆಗಿದ್ದರೆ ಸಂಪರ್ಕ ತಪ್ಪಿದರೂ ದೀಪ ಪೂರ್ತಿ ಆರುತ್ತಿರಲಿಲ್ಲ. ದೀಪವೇ ಆರುತ್ತದೆಂದರೆ ರಿಸೀವರ್ ರೀಸೆಟ್ ಆಗುತ್ತಿದೆ, ಅಂದರೆ ಎಚ್‌ಎಫ್‌ನ ವಿದ್ಯುತ್ ಗದ್ದಲ ವೈರಿನ ಮೂಲಕವೇ ಒಳನುಗ್ಗುತ್ತಿದೆ. ರಿಸೀವರ್ ಸತ್ತರೆ ಯಂತ್ರಕ್ಕೆ ಪೆಡಲಿನಿಂದ ಕಾಲು ತೆಗೆದಂತೆ, ಆದ್ದರಿಂದ ಆರ್ಕ್ ಆರಿಹೋಗುತ್ತದೆ. ಒಮ್ಮೆ ಆರ್ಕ್ ಸ್ಥಿರವಾಗಿ ಹೊತ್ತಿಕೊಂಡ ಮೇಲೆ ಎಚ್‌ಎಫ್ ತಾನಾಗಿಯೇ ಬಂದ್ ಆಗುವುದರಿಂದ ಮುಂದೆ ನಿಮಗೆ ತೊಂದರೆ ಕಾಣಿಸುತ್ತಿಲ್ಲ.

ಈಗ ಯಂತ್ರದ ಮುಂದೆ ಬಗ್ಗಿ ನೋಡಿ. ಟಾರ್ಚ್ ಕೇಬಲ್ಲಿನ ಉಳಿದ ಉದ್ದವನ್ನು ಸುರುಳಿ ಸುತ್ತಿ ಕೊಂಡಿಗೆ ನೇತುಹಾಕಿದ್ದೀರಾ? ರಿಸೀವರ್ ಅದಕ್ಕೆ ತಾಗಿಕೊಂಡಿದೆಯೇ? ಸುರುಳಿ ಬಿಚ್ಚಿ ಕೇಬಲನ್ನು ನೆಲದ ಮೇಲೆ ಒಂದು ಕಡೆ ಹಾಯಿಸಿ, ರಿಸೀವರನ್ನು ಇನ್ನೊಂದು ಕಡೆಗೆ ಕಟ್ಟಿ. ಅರ್ತ್ ಕ್ಲಾಂಪನ್ನು ಬಣ್ಣವಿಲ್ಲದ ಹೊಳೆಯುವ ಲೋಹಕ್ಕೆ, ಸಾಧ್ಯವಾದರೆ ಬೆಸೆಯುವ ತುಂಡಿಗೇ ಕಚ್ಚಿಸಿ. ಟಂಗ್‌ಸ್ಟನ್ ಹೊಸದಾಗಿ ಮಸೆದು ಅದರ ತುದಿಗೂ ಲೋಹಕ್ಕೂ ಅಂತರ ಕಡಿಮೆ ಇಟ್ಟರೆ ಕಿಡಿ ಬೇಗ ದಾಟುತ್ತದೆ, ಎಚ್‌ಎಫ್ ಕಿರಿಕಿರಿ ಅಷ್ಟು ಹೊತ್ತು ಇರುವುದಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ರಿಸೀವರಿನ ವೈರಿಗೆ ಫೆರೈಟ್ ಉಂಗುರ (ಗದ್ದಲ ತಡೆಯುವ ಕಾಂತೀಯ ಉಂಗುರ) ಹಾಕಿ ಎರಡು ಮೂರು ಸುತ್ತು ಸುತ್ತಿ.

ತೂತು ಬೀಳುವುದು ಬೇರೆಯೇ ರೋಗ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಫಲಕದ ಅಂಕಿ ಗರಿಷ್ಠ ಮಿತಿ, ಪೆಡಲಿನ ಪೂರ್ತಿ ಓಟ ಆ ಮಿತಿಯೊಳಗೆ ಹಂಚಿಹೋಗುತ್ತದೆ. ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬ ಲೆಕ್ಕದಲ್ಲಿ ನಿಮ್ಮ ತಗಡಿಗೆ 60 ಸಾಕು. 180 ಇಟ್ಟರೆ ಪೆಡಲಿನ ಮೂರನೇ ಒಂದು ಭಾಗದಲ್ಲೇ ಅಷ್ಟೂ ಬಂದುಬಿಡುತ್ತದೆ, ಪಾದ ತುಸು ಜಾರಿದರೂ ತೂತು. 75 ಕ್ಕೆ ಇಳಿಸಿ. ಆಗಲೂ ಅರ್ಧ ಒತ್ತುವುದರೊಳಗೆ ಪೂರ್ತಿ ಕರೆಂಟ್ ಬಂದರೆ ರಿಸೀವರ್ ನಿಮ್ಮ ಯಂತ್ರಕ್ಕೆ ತಕ್ಕುದಲ್ಲ. ಎಲ್ಲ ಯಂತ್ರಗಳೂ 10 ಕಿಲೋಓಮ್ ಪೊಟೆನ್ಷಿಯೊಮೀಟರನ್ನೇ (ಪೆಡಲ್ ಒತ್ತಿದಂತೆ ಬದಲಾಗುವ ರೋಧಕ) ಬಯಸುವುದಿಲ್ಲ. ನಿಮ್ಮ ಹಳೆಯ ಪೆಡಲಿನ ಪ್ಲಗ್ ಕಿತ್ತು ಮಲ್ಟಿಮೀಟರ್‌ನಿಂದ ಅಳೆದರೆ ಎಷ್ಟು ಓಮ್ ಬೇಕೆಂದು ಗೊತ್ತಾಗುತ್ತದೆ.

ತಗಡುಗಾರ:
ಸರ್, ನೀವು ನನ್ನ ಕೋಣೆಯನ್ನು ಕದ್ದು ನೋಡಿದ್ದೀರೇನೋ! ಟಾರ್ಚ್ ಕೇಬಲ್ ಕೊಂಡಿಗೆ ಆರು ಸುತ್ತು ಸುತ್ತಿತ್ತು, ರಿಸೀವರ್ ಅದರ ನಡುವೆ ಗೂಡಿನೊಳಗಿನ ಮರಿಯಂತೆ ಕುಳಿತಿತ್ತು. ಕ್ಲಾಂಪ್ ಬಣ್ಣ ಬಳಿದ ಮೇಜಿನ ಕಾಲಿಗೆ ಕಚ್ಚಿಕೊಂಡಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಆರ್ಕ್ ಆರದೆ ಉಳಿಯಿತು. ಫೆರೈಟ್ ಹಾಕಿದ ಮೇಲೆ ಇವತ್ತು ಬೆಳಿಗ್ಗೆಯಿಂದ ಒಂದು ಸಲವೂ ತಪ್ಪಿಲ್ಲ. 75 ರಲ್ಲಿ ತಗಡೂ ತೂತಾಗಲಿಲ್ಲ.

ಕೊನೆಯದೊಂದು ಪ್ರಶ್ನೆ. ಮಂಡಿಯೂರಿ ಕುಳಿತು ಪೈಪ್ ಬೆಸೆಯುವಾಗ ಪಾದಕ್ಕೆ ಪೆಡಲ್ ಎಟುಕುವುದಿಲ್ಲ. ಎರಡೂ ಕೈ ಟಾರ್ಚಿಗೂ ಫಿಲ್ಲರ್ ಕಡ್ಡಿಗೂ ಹೋಗಿರುತ್ತವೆ. ಏನು ಮಾಡುತ್ತೀರಿ?

ಬೆರಳಚಕ್ರ:
ಅದಕ್ಕೇ ಬೆರಳಚಕ್ರ ಎಂದು ಹೇಳಿದ್ದು!

ಹಳೆಯ ಟಾರ್ಚ್:
ಪೆಡಲನ್ನು ಅಡ್ಡಲಾಗಿ ತೊಡೆಗಳ ನಡುವೆ ಹಿಡಿದು ಅದುಮುತ್ತೇನೆ, ಜಾರದಂತೆ ಒಂದು ತೊಡೆಗೆ ಪಟ್ಟಿ ಕಟ್ಟಿಕೊಳ್ಳುತ್ತೇನೆ. ವೈರ್ ಇಲ್ಲದಿರುವುದರ ನಿಜವಾದ ಲಾಭ ಇರುವುದು ಇಲ್ಲೇ. ಪಾದದಷ್ಟು ನಯವಾಗಿ ತೊಡೆ ಮಾತು ಕೇಳುವುದಿಲ್ಲ, ಹಾಗಾಗಿ ಫಲಕದ ಅಂಕಿಯನ್ನು ಇನ್ನಷ್ಟು ಬಿಗಿಯಾಗಿ ಇಡಿ.

ಆದರೆ ಮೊದಲು ಒಂದು ಪರೀಕ್ಷೆ ಮಾಡಿ. ಬೇಡವಾದ ತುಂಡಿನ ಮೇಲೆ ಆರ್ಕ್ ಉರಿಯುತ್ತಿರುವಾಗ ಬೇರೊಬ್ಬರಿಂದ ಪೆಡಲಿನ ಬ್ಯಾಟರಿ ತೆಗೆಸಿ. ಕರೆಂಟ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ಪೆಡಲ್ ಬೇಡ. ಟಂಗ್‌ಸ್ಟನ್ ಬದಲಿಸುವಾಗ ಪೆಡಲನ್ನು ಆಫ್ ಮಾಡಿ. ನಾನೊಮ್ಮೆ ಟಾರ್ಚಿನ ಹಿಂದಿನ ಟೋಪಿ ಬಿಚ್ಚುತ್ತಿದ್ದಾಗ ಸರಿದ ಕುರ್ಚಿಯ ಕಾಲು ಪೆಡಲಿನ ಮೇಲೆ ಕುಳಿತಿತು. ಕೈಗವಸು ಇದ್ದರೂ ಎಚ್‌ಎಫ್ ಮೊಣಕೈವರೆಗೆ ಚುರುಕು ಮುಟ್ಟಿಸಿತು.

ತಗಡುಗಾರ:
ಬ್ಯಾಟರಿ ತೆಗೆಸಿ ನೋಡಿದೆ, ಆ ಕ್ಷಣವೇ ನಿಂತಿತು. ಪಟ್ಟಿ ಹೊಲಿಸಲು ಕೊಟ್ಟಿದ್ದೇನೆ.